ಮನಸ್ಸು ವರಿಸುವ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಎರಡರ ಕಷ್ಟವೂ ಮಾಡಿದವರಿಗೇ ಗೊತ್ತು. ಆದರೆ ಮನೆ ಕಟ್ಟಿದವನನ್ನು ‘ಈ ನಿವೇಶನವನ್ನೇ ಏಕೆ ಕೊಂಡೆ?’ ಎಂದು ಕೇಳಿದರೆ, ನೀರಿನ ಅನುಕೂಲ, ಬೆಲೆ, ದಾರಿ, ದಿಕ್ಕು ಎಂದು ಕಾರಣಗಳನ್ನು ಸರಾಗವಾಗಿ ಹೇಳುವನು. ‘ಈ ವ್ಯಕ್ತಿಯನ್ನೇ ಏಕೆ ವರಿಸಿದೆ?’ ಎಂದು ಕೇಳಿದರೆ ಎಂತಹ ವಾಗ್ಮಿಯ ನಾಲಗೆಯೂ ತಡವರಿಸುವುದು. ಹೇಗೋ ಕೆಲವು ಕಾರಣಗಳನ್ನು ಹೇಳಿದರೂ, ಅವು ನಿಜವಾದ ಕಾರಣಗಳೋ, ಅಥವಾ ಮನಸ್ಸು ಮೊದಲೇ ಮಾಡಿಬಿಟ್ಟ ತೀರ್ಮಾನಕ್ಕೆ ಆಮೇಲೆ ಬರೆದ ಭಾಷ್ಯವೋ ಎಂಬುದು ಹೇಳಿದವರಿಗೇ ತಿಳಿಯದು.

ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಸುಮಾರು ತೊಂಬತ್ತು ವರ್ಷಗಳಿಂದ ಪರೀಕ್ಷೆಗಳನ್ನು ನಡೆಸುತ್ತ ಬಂದಿದ್ದಾರೆ. ಅವುಗಳಲ್ಲಿ ಕೆಲವನ್ನು ವಾಚಕರ ಮುಂದಿಡಬೇಕೆಂದು ನಾವು ಲೇಖನಿ ಹಿಡಿದುದಕ್ಕೆ ನಮ್ಮ ಮನೆತನದಲ್ಲಿಯೇ ನಡೆದ ಒಂದು ಸಂಗತಿ ನಿಮಿತ್ತವಾಯಿತು. ಅದನ್ನು ಮೊದಲು ನಿವೇದಿಸುವುದು ಉಚಿತ. ಏಕೆಂದರೆ ಅದರಲ್ಲಿ ತಪ್ಪು ಮಾಡಿದವರಲ್ಲಿ ನಾವೂ ಒಬ್ಬರು.

ನಮ್ಮ ತಂಗಿಯ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. ಕೆಲವು ವರ್ಷಗಳ ಹಿಂದೆ ಆಕೆಗೆ ವರಾನ್ವೇಷಣೆ ಆರಂಭವಾಯಿತು. ಈಗಿನ ಪದ್ಧತಿಯಂತೆ ಅಂತರ್ಜಾಲದಲ್ಲಿ ವಧೂವರರನ್ನು ಹುಡುಕಿಕೊಡುವ ತಾಣವೊಂದರಲ್ಲಿ ಹೆಸರು ಬರೆಸಬೇಕಾಗಿತ್ತು. ವರನು ಎಂತಹವನಾಗಿರಬೇಕೆಂದು ಹುಡುಗಿ ತಾನೇ ಒಂದು ಚೀಟಿಯಲ್ಲಿ ಹದಿನಾರು ಅಂಶಗಳನ್ನು ಬರೆದಳು. ಎತ್ತರ, ವಿದ್ಯೆ, ಸಂಬಳ, ಸ್ವಂತ ಮನೆ, ಸಂಗೀತದಲ್ಲಿ ಅಭಿರುಚಿ, ಸಾಲಸೋಲವಿಲ್ಲದ ಕುಟುಂಬ ಇವೇ ಮೊದಲಾದವು ಅದರಲ್ಲಿ ಇದ್ದುವು. ನಾವು ಪಕ್ಕದಲ್ಲಿ ಕುಳಿತು, ಹಳೆಯ ಅಭ್ಯಾಸದಿಂದ, ಕಾಗುಣಿತದ ಎರಡು ತಪ್ಪುಗಳನ್ನು ತಿದ್ದಿಕೊಟ್ಟೆವು.

ಎರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಸಂಬಂಧಗಳು ಬಂದುವು. ಹದಿನಾಲ್ಕು ಹದಿನೈದು ಅಂಶಗಳು ಸರಿಹೊಂದಿದ ವರರೂ ಇದ್ದರು. ಹುಡುಗಿ ಯಾರನ್ನೂ ಒಪ್ಪಲಿಲ್ಲ. ಕೊನೆಗೆ ಒಂದು ದಿನ, ತನ್ನೊಡನೆ ಪ್ರತಿದಿನವೂ ಕಚೇರಿಯ ಬಸ್ಸಿನಲ್ಲಿ ಬರುವ ಒಬ್ಬ ಯುವಕನನ್ನು ಮದುವೆಯಾಗುವೆನೆಂದು ತಂದೆಯ ಮುಂದೆ ಹೇಳಿದಳು. ತಂದೆ ಚೀಟಿಯನ್ನು ತೆಗೆದು ತಾಳೆ ನೋಡಿದರು. ಹದಿನಾರರಲ್ಲಿ ಐದು ಮಾತ್ರ ಸರಿಬಂದುವು. ಅವರು ಅದೇ ಚೀಟಿಯನ್ನು ತಂದು ನಮ್ಮ ಮುಂದಿಟ್ಟು, ‘ನೀವೇ ಹೇಳಿ, ಇವಳ ಬುದ್ಧಿಗೆ ಏನಾಗಿದೆ?’ ಎಂದರು.

ನಾವು ಹುಡುಗಿಯನ್ನು ಕರೆದು ಉಪಾಧ್ಯಾಯರ ಧೋರಣೆಯಲ್ಲಿಯೇ ಮಾತನಾಡಿದೆವು. ‘ಹದಿನಾರಕ್ಕೆ ಐದು ಎಂದರೆ ನೂರಕ್ಕೆ ಮೂವತ್ತೊಂದು. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ತೇರ್ಗಡೆಗೆ ಮೂವತ್ತೈದು ಬೇಕಾಗಿತ್ತು. ನೀನೇ ಹಾಕಿದ ಪ್ರಶ್ನಪತ್ರಿಕೆಯಲ್ಲಿ ನಪಾಸಾದವನನ್ನು ನೀನೇ ಹೇಗೆ ಒಪ್ಪಿದೆ?’ ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ಆ ಪಟ್ಟಿ ಬರೆದಾಗ ನನ್ನ ಎದುರಿಗೆ ಯಾರೂ ಇರಲಿಲ್ಲ’ ಎಂದು ಹೇಳಿ ಒಳಕ್ಕೆ ಹೊರಟುಹೋದಳು. ಆಮೇಲೆ ಎರಡು ತಿಂಗಳು ನಮಗೆ ದೂರವಾಣಿಯನ್ನೂ ಮಾಡಲಿಲ್ಲ. ತಂದೆ ಮಗಳ ನಡುವೆ ಮಾತೇ ನಿಂತಿತು. ಆಕೆಯ ಆ ಒಂದು ವಾಕ್ಯವೇ ನಮ್ಮನ್ನು ಪುಸ್ತಕಗಳ ಬಳಿಗೆ ಕಳುಹಿಸಿತು.

ಮೊದಲು ನಮ್ಮ ಕಣ್ಣಿಗೆ ಬಿದ್ದುದು ಬಸ್ಸಿನ ಮಹಿಮೆ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಜೇಮ್ಸ್ ಬೊಸಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ೫,೦೦೦ ವಿವಾಹಗಳ ಅನುಮತಿಪತ್ರಗಳನ್ನು ಪರಿಶೀಲಿಸಿ, ವಧೂವರರು ಮದುವೆಗೆ ಮುಂಚೆ ಎಷ್ಟು ದೂರದಲ್ಲಿ ವಾಸವಾಗಿದ್ದರೆಂದು ಲೆಕ್ಕ ಹಾಕಿದರು. ೧೯೩೨ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಮೂರರಲ್ಲಿ ಒಂದು ಪಾಲು ಜೋಡಿಗಳು ಐದು ಬೀದಿಗಳ ಅಂತರದೊಳಗೇ ಇದ್ದರು. ಆ ನಗರದಲ್ಲಿ ಲಕ್ಷಾಂತರ ಜನರಿದ್ದರೂ, ಪ್ರೇಮವೆಂಬುದು ಬಹಳ ದೂರ ನಡೆಯಲು ಇಷ್ಟಪಡಲಿಲ್ಲವೆಂದಾಯಿತು. ನಮ್ಮ ಹಿರಿಯರ ಕಾಲದಲ್ಲಿಯೂ ಎತ್ತಿನ ಗಾಡಿ ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ದೂರದೊಳಗೆ ಬೀಗತನ ಬೆಳೆಯುತ್ತಿದ್ದುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಜನ್ಮಾಂತರದ ಋಣಾನುಬಂಧವೆಂದು ನಾವು ಕರೆಯುವುದಕ್ಕೆ ದಾರಿಯ ದೂರವೂ ಒಂದು ಉಪಾಧಿಯಾಗಿರುತ್ತದೆ.

ಹತ್ತಿರವಿರುವುದರಿಂದ ಏನಾಗುತ್ತದೆ? ಮತ್ತೆ ಮತ್ತೆ ಕಾಣುವುದಾಗುತ್ತದೆ. ಮತ್ತೆ ಮತ್ತೆ ಕಂಡುದು ಮನಸ್ಸಿಗೆ ಹಿತವಾಗುತ್ತದೆ. ರಾಬರ್ಟ್ ಝಯಾಂಕ್ ಎಂಬ ಮನಶ್ಶಾಸ್ತ್ರಜ್ಞರು ೧೯೬೮ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಅರ್ಥವಿಲ್ಲದ ಶಬ್ದಗಳನ್ನೂ, ಚೀನೀ ಲಿಪಿಯಂತಹ ಅಕ್ಷರಗಳನ್ನೂ, ಅಪರಿಚಿತರ ಮುಖಚಿತ್ರಗಳನ್ನೂ ಜನರಿಗೆ ಕೆಲವನ್ನು ಒಂದೆರಡು ಬಾರಿ, ಕೆಲವನ್ನು ಅನೇಕ ಬಾರಿ ತೋರಿಸಿದರು. ಹೆಚ್ಚು ಬಾರಿ ಕಂಡ ಶಬ್ದಕ್ಕೆ ಒಳ್ಳೆಯ ಅರ್ಥವಿರಬೇಕೆಂದೂ, ಹೆಚ್ಚು ಬಾರಿ ಕಂಡ ಮುಖ ಹೆಚ್ಚು ಇಷ್ಟವೆಂದೂ ನೋಡಿದವರು ಹೇಳಿದರು. ಆ ಮುಖ ಅವರಿಗೆ ಯಾವ ಉಪಕಾರವನ್ನೂ ಮಾಡಿರಲಿಲ್ಲ. ಕಣ್ಣಿಗೆ ಬಿದ್ದಿತ್ತು, ಅಷ್ಟೆ.

ಆದರೆ ಈ ನಿಯಮಕ್ಕೆ ಒಂದು ಅಪವಾದವಿದೆ. ಎಳವೆಯಿಂದ ಒಂದೇ ಮನೆಯಲ್ಲಿ ಒಟ್ಟಿಗೆ ಬೆಳೆದವರಲ್ಲಿ ದಾಂಪತ್ಯದ ಆಕರ್ಷಣೆ ಹುಟ್ಟುವುದು ಬಹು ವಿರಳವೆಂದು ಫಿನ್‌ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ ೧೮೯೧ರಲ್ಲಿ ಬರೆದರು. ಇಸ್ರೇಲ್ ದೇಶದ ಕಿಬ್ಬುಟ್ಸ್ ಎಂಬ ಸಾಮೂಹಿಕ ಗ್ರಾಮಗಳಲ್ಲಿ ಓರಗೆಯ ಮಕ್ಕಳನ್ನೆಲ್ಲ ಒಟ್ಟಿಗೇ ಬೆಳೆಸುತ್ತಿದ್ದರು. ಅಲ್ಲಿ ಬೆಳೆದವರ ೨,೭೬೯ ವಿವಾಹಗಳನ್ನು ಜೋಸೆಫ್ ಶೆಫರ್ ಎಂಬವರು ಪರಿಶೀಲಿಸಿ ೧೯೭೧ರಲ್ಲಿ ಪ್ರಕಟಿಸಿದರು. ಒಂದೇ ಗುಂಪಿನಲ್ಲಿ ಮೊದಲ ಆರು ವರ್ಷಗಳನ್ನೂ ಬಿಡದೆ ಒಟ್ಟಿಗೆ ಕಳೆದ ಹುಡುಗ ಹುಡುಗಿಯರು ಮದುವೆಯಾದ ಉದಾಹರಣೆ ಅವುಗಳಲ್ಲಿ ಒಂದೂ ದೊರೆಯಲಿಲ್ಲ. ನಮ್ಮ ನಾಡಿನಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಒಂದೇ ಹಜಾರದಲ್ಲಿ ಬೆಳೆದು ಅಣ್ಣತಂಗಿಯರೆನಿಸುವರು. ಹಬ್ಬಕ್ಕೆ ಬಂದು ಹೋಗುವ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಅನೇಕ ಕುಲಗಳಲ್ಲಿ ರೂಢಿ. ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಬೇರೆ ಮನೆಯಲ್ಲಿ ಬೆಳೆದರೂ ಅಣ್ಣತಂಗಿಯರೇ ಆದುದರಿಂದ, ಈ ರೂಢಿಯೆಲ್ಲಕ್ಕೂ ಇದೇ ಕಾರಣವೆಂದು ನಾವು ಹೇಳಲಾರೆವು. ಆದರೂ ತೀರ ಹತ್ತಿರವೂ ಅಲ್ಲದೆ ತೀರ ದೂರವೂ ಅಲ್ಲದೆ ಇರುವಲ್ಲಿ ಅನುರಾಗಕ್ಕೆ ಎಡೆ ಹೆಚ್ಚೆಂಬುದು ವಿಚಾರಾರ್ಹ.

ಸಾಮೀಪ್ಯದ ತರುವಾಯ ಸಾದೃಶ್ಯ. ವಿರುದ್ಧ ಸ್ವಭಾವಗಳು ಒಂದನ್ನೊಂದು ಎಳೆಯುತ್ತವೆಂಬ ನಂಬಿಕೆ ಬಹಳ ಪ್ರಚಾರದಲ್ಲಿದೆ. ಅಧಿಕಾರಪ್ರಿಯನಿಗೆ ವಿಧೇಯೆ, ಮೌನಿಗೆ ಮಾತುಗಾತಿ ಎಂಬಂತೆ ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವರೆಂದು ರಾಬರ್ಟ್ ವಿಂಚ್ ಎಂಬ ವಿದ್ವಾಂಸರು ೧೯೫೮ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅನಂತರದ ಪರೀಕ್ಷೆಗಳು ಅದಕ್ಕೆ ಹೆಚ್ಚಿನ ಬೆಂಬಲ ಕೊಡಲಿಲ್ಲ. ವಯಸ್ಸು, ವಿದ್ಯೆ, ಮತಾಚಾರ, ಅಭಿಪ್ರಾಯಗಳು ಇವುಗಳಲ್ಲಿ ದಂಪತಿಗಳು ಪರಸ್ಪರ ಹೋಲುವುದೇ ಹೆಚ್ಚೆಂದು ದೇಶದೇಶಗಳ ಲೆಕ್ಕಗಳು ತೋರಿಸುತ್ತವೆ. ನಮ್ಮ ಅಭಿಪ್ರಾಯವನ್ನೇ ಎದುರಿನವರ ಬಾಯಿಂದ ಕೇಳುವಾಗ ನಮ್ಮ ಬುದ್ಧಿಗೆ ಸಾಕ್ಷಿ ದೊರೆತಂತಾಗಿ, ಸಾಕ್ಷಿ ಹೇಳಿದವರು ಪ್ರಿಯರಾಗುವರು.

ಇಲ್ಲಿಯವರೆಗೆ ಹೇಳಿದುದು ನಿಧಾನವಾಗಿ ಬೆಳೆಯುವ ಒಲವಿನ ಮಾತು. ಥಟ್ಟನೆ ಹುಟ್ಟುವ ಅನುರಾಗಕ್ಕೆ ಏನು ಕಾರಣ? ಇದನ್ನು ಕುರಿತು ೧೯೭೪ರಲ್ಲಿ ಡೊನಾಲ್ಡ್ ಡಟ್ಟನ್ ಮತ್ತು ಆರ್ಥರ್ ಆರನ್ ಎಂಬವರು ಪ್ರಕಟಿಸಿದ ಪರೀಕ್ಷೆ ಬಹಳ ಸ್ವಾರಸ್ಯವುಳ್ಳದ್ದು. ಕೆನಡ ದೇಶದ ವ್ಯಾಂಕೂವರ್ ನಗರದ ಬಳಿ ಕಪಿಲಾನೊ ನದಿಯ ಕಣಿವೆಗೆ ಅಡ್ಡಲಾಗಿ ಒಂದು ತೂಗುಸೇತುವೆಯಿದೆ. ಉದ್ದ ೪೫೦ ಅಡಿ, ಅಗಲ ಐದೇ ಅಡಿ, ಕೆಳಗೆ ೨೩೦ ಅಡಿಗಳ ಪ್ರಪಾತ. ಕಾಲಿಟ್ಟರೆ ಓಲಾಡುವುದು. ಅದೇ ನದಿಯ ಮೇಲ್ಭಾಗದಲ್ಲಿ ಗಟ್ಟಿಯಾದ ಮರದ ಮತ್ತೊಂದು ಸೇತುವೆ. ಅದರ ಕೆಳಗೆ ಹತ್ತೇ ಅಡಿ. ಎರಡು ಕಡೆಯೂ ಒಬ್ಬ ತರುಣಿ ನಿಂತು, ದಾಟಿ ಬರುವ ಯುವಕರಿಗೆ ಕೆಲವು ಪ್ರಶ್ನೆಗಳನ್ನು ಕೇಳಿ, ಒಂದು ಚಿತ್ರವನ್ನು ಕೊಟ್ಟು ಕಥೆ ಬರೆಯಿಸಿ, ‘ಹೆಚ್ಚಿನ ವಿವರ ಬೇಕಾದರೆ ಕೇಳಬಹುದು’ ಎಂದು ದೂರವಾಣಿಯ ಸಂಖ್ಯೆಯನ್ನು ಕೊಟ್ಟಳು. ಗಟ್ಟಿ ಸೇತುವೆಯಲ್ಲಿ ಸಂಖ್ಯೆಯನ್ನು ಪಡೆದ ೧೬ ಮಂದಿಯಲ್ಲಿ ಇಬ್ಬರು ಆಕೆಗೆ ದೂರವಾಣಿ ಮಾಡಿದರು. ತೂಗುಸೇತುವೆಯಲ್ಲಿ ಪಡೆದ ೧೮ ಮಂದಿಯಲ್ಲಿ ಒಂಬತ್ತು ಮಂದಿ ಮಾಡಿದರು. ಭಯದಿಂದ ಎದೆ ಹೊಡೆದುಕೊಳ್ಳುತ್ತಿದ್ದುದನ್ನು ಆ ಯುವಕರು ಎದುರಿಗಿದ್ದ ತರುಣಿಯ ಪ್ರಭಾವವೆಂದು ಎಣಿಸಿದರೆಂದು ಪರೀಕ್ಷಕರ ಮತ. ಈ ವ್ಯಾಖ್ಯಾನಕ್ಕೆ ಆಕ್ಷೇಪಗಳೂ ಬಂದಿವೆ. ಆದರೆ ದೇಹದ ಉದ್ವೇಗ ಆಕರ್ಷಣೆಯನ್ನು ಹೆಚ್ಚಿಸುವುದೆಂಬ ಅಂಶವನ್ನು ಬೇರೆ ಪರೀಕ್ಷೆಗಳೂ ಸಮರ್ಥಿಸಿವೆ.

ಇದನ್ನು ಓದಿದಾಗ ನಮಗೆ ಸಂಸ್ಕೃತದ ನಾಟಕಗಳು ನೆನಪಿಗೆ ಬಂದುವು. ದುಷ್ಯಂತನು ಶಕುಂತಲೆಯ ಮುಂದೆ ಪ್ರತ್ಯಕ್ಷನಾಗುವುದು ಆಕೆ ದುಂಬಿಯ ಕಾಟದಿಂದ ಹೆದರಿ ಕೂಗಿಕೊಳ್ಳುವಾಗ. ಪುರೂರವನು ಊರ್ವಶಿಯನ್ನು ಕಾಣುವುದು ರಾಕ್ಷಸನ ಕೈಯಿಂದ ಬಿಡಿಸಿದಾಗ. ಭವಭೂತಿಯ ಮಾಲತೀಮಾಧವದಲ್ಲಿ ಮಕರಂದನು ಮದಯಂತಿಕೆಯನ್ನು ಹುಲಿಯ ಬಾಯಿಂದ ಉಳಿಸುತ್ತಾನೆ. ಅವರಿಬ್ಬರ ಪ್ರಣಯಕ್ಕೆ ಅದೇ ಬೀಜ. ನಮ್ಮ ಆಲಂಕಾರಿಕರು ವಿಭಾವವನ್ನು ಎರಡಾಗಿ ವಿಂಗಡಿಸಿದರು. ಯಾವ ವ್ಯಕ್ತಿಯನ್ನು ಆಶ್ರಯಿಸಿ ರತಿ ಹುಟ್ಟುವುದೋ ಅದು ಆಲಂಬನ. ಬೆಳುದಿಂಗಳು, ತಂಗಾಳಿ, ಏಕಾಂತ ಇವು ಉದ್ದೀಪನ. ತೂಗುಸೇತುವೆಯ ಪರೀಕ್ಷೆಯನ್ನು ಈ ಪರಿಭಾಷೆಯಲ್ಲಿ ಹೇಳುವುದಾದರೆ, ಮನಸ್ಸು ಉದ್ದೀಪನದ ಕೆಲಸವನ್ನೂ ಆಲಂಬನದ ಲೆಕ್ಕಕ್ಕೇ ಬರೆದುಬಿಡುತ್ತದೆ. ಪ್ರವಾಸದಲ್ಲಿಯೋ ಉತ್ಸವದಲ್ಲಿಯೋ ಹುಟ್ಟಿದ ಒಲವು ಊರಿಗೆ ಬಂದಮೇಲೆ ಕೆಲವೊಮ್ಮೆ ತಣ್ಣಗಾಗುವುದಕ್ಕೆ ಇದೇ ಕಾರಣವಿರಬಹುದು.

ಇನ್ನು ನಮ್ಮ ಚೀಟಿಯ ಪ್ರಸ್ತಾಪಕ್ಕೆ ಬರೋಣ. ತನಗೆ ಎಂತಹವರು ಬೇಕೆಂದು ಮನುಷ್ಯನು ಮೊದಲೇ ಹೇಳುವ ಮಾತಿಗೂ, ಎದುರಿಗೆ ಕಂಡಾಗ ಮೆಚ್ಚುವುದಕ್ಕೂ ಸಂಬಂಧವೆಷ್ಟು? ೧೯೬೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಗಾಗಿ ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರಿದ ೭೫೨ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ಒಂದು ನೃತ್ಯಕೂಟವನ್ನು ಏರ್ಪಡಿಸಿದರು. ನಿಮ್ಮ ಉತ್ತರಗಳನ್ನು ನೋಡಿ ಗಣಕಯಂತ್ರವೇ ನಿಮಗೆ ತಕ್ಕ ಜೊತೆಯನ್ನು ಆರಿಸುವುದೆಂದು ಹೇಳಿದ್ದರು. ವಾಸ್ತವವಾಗಿ, ಹುಡುಗಿ ಹುಡುಗನಿಗಿಂತ ಎತ್ತರವಾಗದಂತೆ ನೋಡಿಕೊಂಡು, ಉಳಿದಂತೆ ಚೀಟಿ ಎತ್ತಿದ ಹಾಗೆ ಜೋಡಿ ಮಾಡಿದ್ದರು. ನಡುವೆ ವಿರಾಮದಲ್ಲಿ ವಿಚಾರಿಸಿದಾಗ, ಬುದ್ಧಿಶಕ್ತಿಯಾಗಲಿ ಸ್ವಭಾವವಾಗಲಿ ಮೆಚ್ಚುಗೆಗೆ ಕಾರಣವಾದಂತೆ ಕಾಣಲಿಲ್ಲ. ರೂಪವೊಂದೇ ಲೆಕ್ಕಕ್ಕೆ ಬಂದಿತ್ತು. ಒಂದೇ ಸಂಜೆಯ ಪರಿಚಯಕ್ಕೆ ಇದಕ್ಕಿಂತ ಹೆಚ್ಚನ್ನು ಕಾಣುವ ಕಣ್ಣಿಲ್ಲವೆಂದು ನಾವು ಇದರಿಂದ ತಿಳಿಯಬೇಕು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೇಸರೀಬಾತಿನ ನಡುವೆ ಅರ್ಧ ಗಂಟೆಯಲ್ಲಿ ಒಪ್ಪಿಗೆಯನ್ನು ಕೇಳುವ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇದಕ್ಕಿಂತ ಸ್ಪಷ್ಟವಾದುದು ಪಾಲ್ ಈಸ್ಟ್‌ವಿಕ್ ಮತ್ತು ಎಲೀ ಫಿಂಕೆಲ್ ಎಂಬವರು ೨೦೦೮ರಲ್ಲಿ ಪ್ರಕಟಿಸಿದ ಪರೀಕ್ಷೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ೧೬೩ ಮಂದಿ ತರುಣ ತರುಣಿಯರಿಗೆ, ಸಂಗಾತಿಯಲ್ಲಿ ಯಾವ ಗುಣ ನಿಮಗೆ ಮುಖ್ಯವೆಂದು ಮೊದಲು ಬರೆಯಿಸಿಕೊಂಡರು. ಪುರುಷರು ರೂಪಕ್ಕೂ ಸ್ತ್ರೀಯರು ಸಂಪಾದನೆಯ ಸಾಮರ್ಥ್ಯಕ್ಕೂ ಹೆಚ್ಚು ಬೆಲೆ ಕೊಟ್ಟು ಬರೆದರು. ತರುವಾಯ ಒಬ್ಬೊಬ್ಬರೊಡನೆ ನಾಲ್ಕು ನಾಲ್ಕು ನಿಮಿಷ ಮುಖಾಮುಖಿಯಾಗಿ ಮಾತನಾಡಲು ಬಿಟ್ಟರು. ಆಗ ಯಾರು ಯಾರನ್ನು ಮೆಚ್ಚಿದರೆಂಬುದಕ್ಕೂ, ಅವರೇ ಬರೆದಿದ್ದ ಮಾತಿಗೂ ಹೊಂದಿಕೆಯೇ ಕಾಣಲಿಲ್ಲ. ೨೦೧೭ರಲ್ಲಿ ಇದೇ ವಿದ್ವಾಂಸರು ಸಮಂತಾ ಜೋಯೆಲ್ ಎಂಬವರೊಡನೆ ಸೇರಿ, ನೂರಕ್ಕೂ ಹೆಚ್ಚು ಗುಣಗಳ ಪ್ರಶ್ನಾವಳಿಯನ್ನು ತುಂಬಿಸಿಕೊಂಡು ಗಣಕಯಂತ್ರದ ಬಲದಿಂದ ವಿಶ್ಲೇಷಿಸಿದರು. ಯಾರು ಸಾಮಾನ್ಯವಾಗಿ ಎಲ್ಲರಿಗೂ ಮೆಚ್ಚುಗೆಯಾಗುವರೆಂಬುದನ್ನು ಸ್ವಲ್ಪ ಮಟ್ಟಿಗೆ ಹೇಳಲು ಸಾಧ್ಯವಾಯಿತು. ಈ ಒಬ್ಬನಿಗೆ ಈ ಒಬ್ಬಳೇ ಏಕೆ ಎಂಬುದನ್ನು ಮಾತ್ರ ಮುಂದಾಗಿ ಹೇಳಲು ಆಗಲಿಲ್ಲ.

ಹಾಗಾದರೆ ಪಟ್ಟಿಗಳೆಲ್ಲವೂ ಸುಳ್ಳೆ? ಹಾಗಲ್ಲ. ಡೇವಿಡ್ ಬಸ್ ಎಂಬವರು ೩೩ ದೇಶಗಳ ಹತ್ತು ಸಹಸ್ರಕ್ಕೂ ಹೆಚ್ಚು ಜನರನ್ನು ಕೇಳಿ ೧೯೮೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸ್ತ್ರೀಪುರುಷರಿಬ್ಬರೂ ದಯೆಯನ್ನೂ ಬುದ್ಧಿಯನ್ನೂ ರೂಪ ಧನಗಳಿಗಿಂತ ಮೇಲೆ ಇಟ್ಟಿದ್ದಾರೆ. ಇದು ಹೃತ್ಪೂರ್ವಕವಾಗಿ ಹೇಳಿದ ಮಾತೇ. ಆದರೆ ದಯೆಯೆಂಬುದು ಚೀಟಿಯಲ್ಲಿ ಒಂದು ಶಬ್ದ. ಬಸ್ಸಿನಲ್ಲಿ ಒಬ್ಬ ಮುದುಕಿಗೆ ತನ್ನ ಸ್ಥಳವನ್ನು ಬಿಟ್ಟುಕೊಟ್ಟು, ಅದನ್ನು ಯಾರಿಗೂ ಹೇಳಿಕೊಳ್ಳದೆ ನಿಲ್ಲುವ ಮನುಷ್ಯನಲ್ಲಿ ಅದು ಪ್ರತ್ಯಕ್ಷ. ಗುಣಗಳನ್ನು ಬಿಡಿಸಿ ಬರೆಯಬಹುದು. ಮನುಷ್ಯನು ಬಿಡಿಸಿದಂತೆ ದೊರೆಯುವುದಿಲ್ಲ. ‘ನನ್ನ ಎದುರಿಗೆ ಯಾರೂ ಇರಲಿಲ್ಲ’ ಎಂದು ನಮ್ಮ ಹುಡುಗಿ ಹೇಳಿದುದರಲ್ಲಿ ಈ ಪರೀಕ್ಷೆಗಳ ಸಾರವೆಲ್ಲವೂ ಇತ್ತು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಅದು ಆಗ ಕೇಳಿಸಲಿಲ್ಲ.

ಬಾಲ್ಯವೂ ಇದರಲ್ಲಿ ಕೈಯಿಡುತ್ತದೆಂಬುದನ್ನು ತಂದೆತಾಯಿಗಳು ಮರೆಯಬಾರದು. ಮಗುವಿಗೂ ಸಾಕಿದವರಿಗೂ ಇರುವ ಅಂಟು ಮುಂದಿನ ಬಾಂಧವ್ಯಗಳಿಗೆ ಮಾದರಿಯಾಗುವುದೆಂದು ಇಂಗ್ಲೆಂಡಿನ ಜಾನ್ ಬೌಲ್ಬಿ ಪ್ರತಿಪಾದಿಸಿದರು. ಇದನ್ನು ವಯಸ್ಕರ ಪ್ರೇಮಕ್ಕೆ ಅನ್ವಯಿಸಿ ಹೇಜನ್ ಮತ್ತು ಶೇವರ್ ಎಂಬವರು ೧೯೮೭ರಲ್ಲಿ ಬರೆದರು. ಕರೆದಾಗ ತಾಯಿತಂದೆಗಳು ಬಂದೇ ಬರುವರೆಂಬ ಭರವಸೆಯಲ್ಲಿ ಬೆಳೆದವರು ಸಂಗಾತಿಯನ್ನು ನಂಬುವುದು ಸುಲಭವೆಂದೂ, ಆ ಭರವಸೆ ಇಲ್ಲದವರು ಅತಿಯಾಗಿ ಶಂಕಿಸುವರು ಅಥವಾ ದೂರ ಸರಿಯುವರೆಂದೂ ಇದರ ತಾತ್ಪರ್ಯ. ಬಾಲ್ಯವೇ ಹಣೆಬರಹವೆಂದು ಯಾರೂ ಹೇಳಿಲ್ಲ. ಒಳ್ಳೆಯ ದಾಂಪತ್ಯವೂ ಹಳೆಯ ಶಂಕೆಯನ್ನು ಕರಗಿಸಬಲ್ಲದು.

ಕೊನೆಯದಾಗಿ, ಆರಿಸಿಕೊಂಡಮೇಲೆ ಸುಖವಾಗಿರುವುದು ಯಾವುದರಿಂದ? ಗೃಹಸ್ಥರಿಗೆ ನಿಜವಾಗಿ ಬೇಕಾದ ಪ್ರಶ್ನೆ ಇದು. ಸಮಂತಾ ಜೋಯೆಲ್ ಮೊದಲಾದವರು ೪೩ ಅಧ್ಯಯನಗಳ ೧೧,೧೯೬ ಜೋಡಿಗಳ ವಿವರಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಪ್ರಕಟಿಸಿದರು. ಸಂಗಾತಿಯ ಗುಣಗಳ ಪಟ್ಟಿಯಿಂದ ಸುಖದುಃಖಗಳನ್ನು ಹೇಳಲು ಅಷ್ಟಾಗಿ ಸಾಧ್ಯವಾಗಲಿಲ್ಲ. ಸಂಗಾತಿ ತನಗೆ ನಿಷ್ಠರಾಗಿರುವರೆಂಬ ನಂಬಿಕೆ, ತನ್ನನ್ನು ಆದರಿಸುವರೆಂಬ ಭಾವನೆ, ಜಗಳಗಳ ಪ್ರಮಾಣ ಇಂತಹ ವಿಷಯಗಳೇ ಹೆಚ್ಚು ತಿಳಿಸಿದುವು. ಅಂದರೆ ಸುಖವಿರುವುದು ವರನಲ್ಲಿಯೂ ಅಲ್ಲ, ವಧುವಿನಲ್ಲಿಯೂ ಅಲ್ಲ. ಇಬ್ಬರ ನಡುವಣ ನಡವಳಿಕೆಯಲ್ಲಿ. ಹಿರಿಯರು ನಿಶ್ಚಯಿಸಿದ ಮದುವೆ ಮೇಲೋ, ತಾವೇ ಒಪ್ಪಿಕೊಂಡ ಮದುವೆ ಮೇಲೋ ಎಂಬ ವಾದಕ್ಕೂ ಇಲ್ಲಿ ಸಮಾಧಾನವಿದೆ. ೧೯೮೨ರಲ್ಲಿ ಪ್ರಕಟವಾದ ಜಯಪುರದ ಐವತ್ತು ದಂಪತಿಗಳ ಅಧ್ಯಯನವೊಂದರಲ್ಲಿ, ನಿಶ್ಚಯಿಸಿದ ಮದುವೆಗಳಲ್ಲಿ ಪ್ರೇಮ ವರ್ಷಗಳೊಡನೆ ಏರಿದಂತೆಯೂ ಪ್ರೇಮವಿವಾಹಗಳಲ್ಲಿ ಇಳಿದಂತೆಯೂ ಕಂಡಿತು. ಅಮೆರಿಕದಲ್ಲಿ ನೆಲೆಸಿದ ಭಾರತೀಯರನ್ನು ಕುರಿತ ೨೦೧೨ರ ಅಧ್ಯಯನದಲ್ಲಿ ಎರಡು ಬಗೆಗೂ ವ್ಯತ್ಯಾಸವೇ ಕಾಣಲಿಲ್ಲ. ಯಾವ ಬಾಗಿಲಿನಿಂದ ಒಳಗೆ ಬಂದರೂ ದೀಪ ಹಚ್ಚುವ ಕೆಲಸ ಒಳಗೆ ಬಂದವರದೇ.

ಇಷ್ಟನ್ನು ಓದಿದಮೇಲೆ ನಾವು ನಮ್ಮ ತಂಗಿಯ ಗಂಡನಿಗೆ ಒಂದು ಪತ್ರವನ್ನು ಬರೆದೆವು. ಚೀಟಿಯನ್ನು ನ್ಯಾಯಾಧೀಶನನ್ನಾಗಿ ಮಾಡಬೇಡಿರಿ. ಹುಡುಗನನ್ನು ನಾಲ್ಕಾರು ಬಾರಿ ಮನೆಗೆ ಕರೆಯಿರಿ. ಅವನ ಮಾತಿಗೆ ಯಾರಾದರೂ ಎದುರು ಹೇಳಿದಾಗ ಹೇಗೆ ನಡೆದುಕೊಳ್ಳುವನೆಂಬುದನ್ನು ನೋಡಿರಿ ಎಂದೆವು. ಹುಡುಗಿಗೂ ಬರೆದೆವು. ಮೊದಲು ಕ್ಷಮೆಯನ್ನು ಕೇಳಿದೆವು. ಬಳಿಕ, ಒಲವು ತೂಗುಸೇತುವೆಯ ಮೇಲೆ ಹುಟ್ಟಿದುದೋ ಗಟ್ಟಿ ನೆಲದ ಮೇಲೆ ಹುಟ್ಟಿದುದೋ ಎಂಬುದನ್ನು ಆರು ತಿಂಗಳು ಕಾದು ನೋಡಮ್ಮ ಎಂದು ತೂಗುಸೇತುವೆಯ ಕಥೆಯನ್ನು ಬರೆದೆವು. ‘ಮಾವ, ಬೆಂಗಳೂರಿನ ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಜೊತೆಗೆ ನಿಂತು ಬರುವವರಿಗೆ ಇನ್ನಾವ ಪರೀಕ್ಷೆ ಬೇಕು?’ ಎಂದು ಉತ್ತರ ಬಂದಿತು. ಆದರೂ ಆರು ತಿಂಗಳು ಕಾದಳು.

ಮದುವೆಯ ದಿನ ಸೋದರಮಾವನ ಅಧಿಕಾರದಿಂದ ಹುಡುಗಿಯನ್ನು ಮಂಟಪಕ್ಕೆ ಕರೆತಂದವರು ನಾವೇ. ಆ ಚೀಟಿ ಈಗಲೂ ನಮ್ಮ ಹಳೆಯ ಪಂಚಾಂಗದೊಳಗಿದೆ. ಕಳೆದ ಗೌರಿಹಬ್ಬಕ್ಕೆ ಮಗಳ ಮನೆಗೆ ಹೋಗಿ ಬಂದ ತಂಗಿಯ ಗಂಡ ನಮ್ಮಲ್ಲಿಗೆ ಬಂದು, ಅಳಿಯನು ಈಗ ಸಂಜೆ ಹೊತ್ತು ಹೆಂಡತಿಯ ಪಕ್ಕದಲ್ಲಿ ಕುಳಿತು ಸಂಗೀತವನ್ನು ಕೇಳುತ್ತಾನೆಂದೂ, ರಾಗ ಯಾವುದೆಂದು ಮಾತ್ರ ಅವನಿಗೆ ತಿಳಿಯದೆಂದೂ ಹೇಳಿ, ‘ಒಂದು ಅಂಶ ಹೆಚ್ಚು ಬರೆದುಕೊಳ್ಳಿ’ ಎಂದರು. ಹದಿನಾರಕ್ಕೆ ಆರು, ಮೂವತ್ತೇಳೂವರೆ. ನಾವು ತೇರ್ಗಡೆ ಮಾಡಿದೆವು.